ಮಾಯಾನಗರಿಗೆ ಒಯ್ದ ಆಯೇರಿ

ನನ್ನ ಮಾವ, ಬಾಗಲವಾಡದ ವೆಂಕಣ್ಣನವರು, ನಲವತ್ತು ವರ್ಷಗಳಲ್ಲಿ ತಪ್ಪಿಸಿಕೊಂಡ ಮದುವೆ ಒಂದೇ ಒಂದು. ಅದು ಅವರ ಸ್ವಂತ ತಮ್ಮನದು. ಅದೇ ದಿನ, ಅದೇ ಮುಹೂರ್ತಕ್ಕೆ ದೇವದುರ್ಗದ ಯಾರೋ ದೂರದವರು ಮನೆಗೆ ಬಂದು ಕೈಯಲ್ಲಿ ಕಾರ್ಡು ಕೊಟ್ಟು ಕರೆದಿದ್ದರು. ತಮ್ಮ ಬರೀ ಬಾಯಿಮಾತಿನಲ್ಲಿ "ನಾಡದು ಲಗ್ನ ಅದ, ಬಾ" ಅಂದಿದ್ದ. ಕಾರ್ಡು ಕೊಟ್ಟವರನ್ನು ಬಿಟ್ಟು ಬಾಯಲ್ಲಿ ಹೇಳಿದವನ ಮದುವೆಗೆ ಹೋಗುವುದು ಯಾವ ನ್ಯಾಯ ಎಂದು ಮಾವನವರು ಈಗಲೂ ಕೇಳುತ್ತಾರೆ. ತಮ್ಮ ಈಗಲೂ ಉತ್ತರ ಕೊಡುವುದಿಲ್ಲ, ಮಾತು ಬಿಟ್ಟಿದ್ದಾನೆ.

ಮದುವೆಗಳಲ್ಲಿ ಮಾವನವರ ಕೆಲಸ ಆಯೇರಿ ಓದುವುದು. ಅಕ್ಕಿಕಾಳು ಬಿದ್ದ ಮೇಲೆ ನೆಂಟರು ಮದುಮಕ್ಕಳಿಗೆ ಸೀರೆ, ಧೋತರ, ಕೊಡ, ತಟ್ಟೆ ಎಂದು ಉಡುಗೊರೆ ಕೊಡುತ್ತಾರಲ್ಲ, ಅದನ್ನು ಮೈಕಿನಲ್ಲಿ ಹೆಸರು ಹಿಡಿದು ಕೂಗುವುದು. ಇದೇನು ಮಹಾ ಎನ್ನುವವರು ಮಾವನವರ ದನಿ ಕೇಳಿದವರಲ್ಲ. ಅವರು ಒಂದು ಸ್ಟೀಲಿನ ಲೋಟವನ್ನು ಓದಿದರೆ ಕೊಟ್ಟವನು ಊರಿಗೆ ಕೆರೆ ಕಟ್ಟಿಸಿದವನ ಹಾಗೆ ಎದೆಯುಬ್ಬಿಸಿ ಊಟಕ್ಕೆ ಹೋಗುತ್ತಿದ್ದ.

ಆದರೆ ಕಾಲ ಕೆಟ್ಟಿತು. ಮದುವೆಯ ಕಾರ್ಡುಗಳು ಮೊಬೈಲಿಗೆ ಬರತೊಡಗಿದವು. ಮಾವನವರ ಹಳೆಯ ಮೊಬೈಲಿನಲ್ಲಿ ಮಾತಾಡಲು ಬರುತ್ತದೆಯೇ ಹೊರತು ಚಿತ್ರ ಕಾಣುವುದಿಲ್ಲ. ಎರಡು ವರ್ಷದಿಂದ ಅವರ ಹೊಸ್ತಿಲಿಗೆ ಒಂದು ಕಾರ್ಡೂ ಬಂದಿರಲಿಲ್ಲ. ಅವರು ತಲೆಗೆ ಸುತ್ತುವ ಗುಲಾಬಿ ಪಟಗ ಗೂಟಕ್ಕೆ ಜೋತುಬಿದ್ದು ಬಣ್ಣ ಕಳೆದುಕೊಳ್ಳುತ್ತಿತ್ತು. ಬಸ್‌ಸ್ಟ್ಯಾಂಡಿನ ಚಹಾ ಹೋಟೆಲಿನ ಪಂಪಾಪತಿಗೆ ಇದು ಗೊತ್ತು. ದಿನವೂ ಚಹಾ ಸೋಸುತ್ತಾ ಕೇಳುವನು: "ಏನ್ರಿ ವೆಂಕಣ್ಣೋರ, ನಿನ್ನಿ ಸಿರವಾರದಾಗ ದೊಡ್ಡ ಲಗ್ನ ಇತ್ತಂತ. ನಿಮ್ಮನ್ನ ಕರದಿಲ್ಲೇನು?" ಮಾವನವರು ಆ ಹೋಟೆಲಿನ ಚಹಾ ಬಿಟ್ಟರು.

ಹೀಗಿರುವಾಗ ಒಂದು ಬೆಳಿಗ್ಗೆ ಹೂವಿನ ಅಲಂಕಾರದ ಜೀಪೊಂದು ಅವರ ಮನೆಯೆದುರು ನಿಂತಿತು. ಜರಿಯ ನಿಲುವಂಗಿ, ತುರಾಯಿ ಟೊಪ್ಪಿಗೆ ತೊಟ್ಟ ಗಂಡಸೊಬ್ಬ ಇಳಿದು ಕುಡಿಯಲು ನೀರು ಕೇಳಿದ. ಕುಡಿದ ಉಪಕಾರಕ್ಕೆ ತನ್ನಲ್ಲಿ ಉಳಿದಿದ್ದ ಕೊನೆಯ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು, ಬಗ್ಗಿ, "ಮಾಯಾನಗರಿಯ ಯುವರಾಣಿ ಚಂದ್ರಿಕಾದೇವಿಯವರ ವಿವಾಹ ಮಹೋತ್ಸವಕ್ಕೆ ತಾವು ಸಕುಟುಂಬ ಸಪರಿವಾರ ಆಗಮಿಸಬೇಕು" ಎಂದು ಕೊಟ್ಟು ಹೋದ.

ಮಾಯಾನಗರಿ ಎಂದರೆ ರಾಯಚೂರಿನಿಂದ ಶಕ್ತಿನಗರಕ್ಕೆ ಹೋಗುವ ದಾರಿಯಲ್ಲಿ ಹೊಸದಾಗಿ ಎದ್ದಿರುವ ಮನರಂಜನೆಯ ಪಾರ್ಕು. ಅರಮನೆ, ರಾಕ್ಷಸರು, ನೀರಿನ ಜಾರುಬಂಡೆ ಎಲ್ಲ ಇವೆ. ಯುವರಾಣಿಯ ಮದುವೆ ಅಲ್ಲಿ ದಿನಾ ನಡೆಯುವ ಆಟ, ಕಾರ್ಡು ಅದರ ಜಾಹೀರಾತು. ನಾನು ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಟೆಕ್ನಿಷಿಯನ್. ದಿನಾ ಅದರ ಮುಂದೆಯೇ ಕೆಲಸಕ್ಕೆ ಹೋಗುತ್ತೇನೆ. ಮಾವನವರು ಫೋನಿನಲ್ಲಿ "ಅಳಿಯಾರ, ರಾಜರ ಮನಿಯಿಂದ ಕಾರ್ಡು ಬಂದದ, ಐತಾರ ರಜಾ ಹಾಕ್ರಿ" ಎಂದಾಗ ನನಗೆ ತಕ್ಷಣ ತಿಳಿಯಿತು. ಹೇಳಬೇಕೆಂದು ಬಾಯಿ ತೆರೆದೆ. ನನ್ನ ಹೆಂಡತಿ ಮಂಜುಳಾ ಫೋನಿನ ಮೇಲೆ ಕೈಯಿಟ್ಟಳು.

"ಎರಡು ವರ್ಷ ಆದ ಮ್ಯಾಲೆ ನಮ್ಮಪ್ಪ ಪಟಗಕ್ಕ ಗಂಜಿ ಹಾಕಿಸ್ಯಾನ. ಬಾಯಿ ಬಿಟ್ರ ನೋಡ್ರಿ. ಹೋಗೋಣು, ಮದುವಿ ನೋಡೋಣು, ಬರೋಣು. ಅವಗ ಗೊತ್ತಾಗಂಗಿಲ್ಲ."

ಮಾವನವರಿಗೆ ಗೊತ್ತಾಗಬಾರದು. ನಮ್ಮಿಬ್ಬರ ಹೆಗಲ ಮೇಲೆ ಬಿದ್ದ ಭಾರ ಇಷ್ಟೇ. ನೋಡಲು ಸಣ್ಣದು.

ಬಾಗಲವಾಡದಲ್ಲಿ ಅತ್ತೆ ಮಲ್ಲೇಶ್ವರಮ್ಮ ಕನ್ನಡಕ ಹಾಕಿಕೊಂಡು ಕಾರ್ಡನ್ನು ತಿರುವಿ ಹಾಕುತ್ತಿದ್ದರು. ಅವರಿಗೆ ಅನುಮಾನ.

"ಇದರಾಗ ಮುಹೂರ್ತ ನಾಕು ಬರದಾರಲ್ರಿ?"

"ದೊಡ್ಡ ಮಂದಿ. ಬೀಗರ ಬಸ್ಸು ಲೇಟಾದ್ರ ಇನ್ನೊಂದು ಇರಲಿ ಅಂತ ಇಟ್ಟಾರ."

"ತಾರೀಖ ಇಲ್ಲ?"

"ನಾವು ಯಾವತ್ತು ಹೋಗ್ತೀವೋ ಅವತ್ತ ಮಾಡ್ತಾರ. ಅದಕ್ಕ ಮರ್ಯಾದಿ ಅಂತಾರ."

"ಹಿಂದ 'ನೀರಿನ ಆಟಗಳೂ ಉಂಟು' ಅಂತ ಅದ."

"ಮದುವ್ಯಾಗ ಸುರಗಿ ನೀರು ಹಾಕಂಗಿಲ್ಲೇನು? ಓಕಳಿ ಆಡಂಗಿಲ್ಲೇನು? ನಿನಗ ಎಲ್ಲಾ ಬಿಡಿಸಿ ಹೇಳಬೇಕು."

ಮಾವನವರು ದಡ್ಡರೆಂದು ತಿಳಿಯಬೇಡಿ. ಊರ ಹೊಲದ ಬದುವಿನ ಜಗಳಗಳನ್ನು ಹತ್ತು ನಿಮಿಷದಲ್ಲಿ ಬಗೆಹರಿಸುವ ಮನುಷ್ಯ. ಆದರೆ ಕೈಗೆ ಕಾರ್ಡು ಬಂದಿತ್ತು. ಹಸಿದವನಿಗೆ ಹಳಸಿದ್ದೂ ರುಚಿ.

ಭಾನುವಾರ ಕ್ರೂಸರ್ ಗಾಡಿ ಮಾಡಿಕೊಂಡು ಹೊರಟೆವು. ಮಾವನವರು, ಅತ್ತೆ, ಮಾವನವರ ತಾಯಿ ಎಂಬತ್ತರ ಆದೆಮ್ಮಜ್ಜಿ, ಮಂಜುಳಾ, ನಾನು. ಅತ್ತೆಯ ಮಡಿಲಲ್ಲಿ ಸಜ್ಜೆರೊಟ್ಟಿಯ ಬುತ್ತಿ, ಮಾವನವರ ಮಡಿಲಲ್ಲಿ ಆಯೇರಿ: ವಧುವಿಗೆ ಇಳಕಲ್ ಸೀರೆ, ವರನಿಗೆ ಧೋತರ, ಮೇಲೊಂದು ತಾಮ್ರದ ಕೊಡ. ಗಾಡಿ ಬಸ್‌ಸ್ಟ್ಯಾಂಡನ್ನು ಎರಡು ಸುತ್ತು ಹಾಕಿತು. ಊರು ಬಿಡಲು ಒಂದು ಸುತ್ತೂ ಬೇಕಿರಲಿಲ್ಲ. ಪಂಪಾಪತಿ ಸೌಟು ಹಿಡಿದು ನೋಡುತ್ತಾ ನಿಂತಿದ್ದ. "ರಾಜರ ಮನಿ ಲಗ್ನಕ್ಕ ಹೊಂಟೀನಿ. ಕೈಯಾಗ ಕಾರ್ಡು ಕೊಟ್ಟು ಕರದಾರ" ಎಂದು ಮಾವನವರು ಅವನಿಗೆ ಕೇಳಿಸುವಂತೆ ಚಾಲಕನಿಗೆ ಹೇಳಿದರು.

ಮಾಯಾನಗರಿಯ ಬಾಗಿಲಲ್ಲಿ ಎರಡು ಆಳೆತ್ತರದ ರೆಕ್ಕೆಯ ಸರ್ಪ ಬಾಯಿಂದ ಹೊಗೆ ಬಿಡುತ್ತಾ ಕೂತಿತ್ತು. ಅಜ್ಜಿ ಕೈಮುಗಿಯಲು ಹೋದಳು. ಮಾವನವರು ತಡೆದರು. "ದೇವರಲ್ಲಬೇ ಯವ್ವಾ. ದೊಡ್ಡ ಮದುವಿ, ದೃಷ್ಟಿ ಆಗಬಾರದಂತ ಇಟ್ಟಾರ." ಹಾಗೆ ಹೇಳಿದ ಮೇಲೆ ನೋಡಿದರೆ ಅದು ನಿಜಕ್ಕೂ ದೃಷ್ಟಿಗೊಂಬೆಯ ಮುಖವೇ.

ನಾನು ಅವರನ್ನೆಲ್ಲ ನೆರಳಿಗೆ ನಿಲ್ಲಿಸಿ, "ಹೆಸರು ಬರೆಸಿ ಬರ್ತೀನ್ರಿ" ಎಂದು ಕಳ್ಳನಂತೆ ಹೋಗಿ ಟಿಕೇಟು ತಂದೆ. ಒಳಗೆ ಬಿಡುವಾಗ ಹುಡುಗಿಯೊಬ್ಬಳು ಎಲ್ಲರ ಮಣಿಕಟ್ಟಿಗೆ ಹಳದಿ ಕಾಗದದ ಪಟ್ಟಿ ಸುತ್ತಿದಳು. ಮಾವನವರ ಕಣ್ಣು ತುಂಬಿತು.

"ನೋಡ್ರಿ ಅಳಿಯಾರ. ಮದುಮಕ್ಕಳಿಗೆ ಕಂಕಣ ಕಟ್ಟೋದು ಕಂಡೀನಿ. ಬಂದ ನೆಂಟರಿಗೂ ಕಟ್ಟೋ ಮನಿತನ ಇವತ್ತ ಕಂಡೆ."

ಕಾವಲಿನವನು ಬುತ್ತಿ ಹಿಡಿದ. "ಹೊರಗಿನ ಊಟ ಒಳಗ ಬಿಡಂಗಿಲ್ರಿ." ಜಗಳ ಶುರುವಾಯಿತೆಂದು ನಾನು ಹೆದರಿದೆ. ಮಾವನವರು ಅತ್ತೆಯ ಕಡೆ ತಿರುಗಿ ಗದರಿಸಿದರು: "ಹೇಳಿದ್ನಿಲ್ಲ? ಲಗ್ನಕ್ಕ ಬುತ್ತಿ ಒಯ್ದ್ರ ಕರದವರಿಗೆ ಅಪಮಾನ. ಇಡು ಅಲ್ಲೇ." ಪಾರ್ಕು ಶುರುವಾದಾಗಿನಿಂದ ಆ ನಿಯಮವನ್ನು ಸಂತೋಷದಿಂದ ಒಪ್ಪಿದ ಮೊದಲ ಮನುಷ್ಯನನ್ನು ಕಾವಲಿನವನು ಎದ್ದುನಿಂತು ಒಳಗೆ ಬಿಟ್ಟ.

ಒಳಗಿನದು, ನಾನೂ ಒಪ್ಪಿಕೊಳ್ಳಬೇಕು, ಬೆರಗಿನ ಲೋಕ. ಬಿಸಿಲಿಗೆ ಹೆಸರಾದ ನಮ್ಮ ನೆಲದಲ್ಲಿ ನೀಲಿ ಗೋಪುರದ ಅರಮನೆ, ನೀರು ಚಿಮ್ಮುವ ಕಮಲಗಳು, ಮಾತಾಡುವ ಮರ. ದಿನಾ ಬಸ್ಸಿನ ಕಿಟಕಿಯಿಂದ ನೋಡಿ ಮೂಗು ಮುರಿದಿದ್ದ ನಾನು ಆವತ್ತು ಬಾಯಿ ತೆರೆದು ನಿಂತೆ. ದೊಡ್ಡ ಕರಡಿಯ ವೇಷದವನೊಬ್ಬ ಬಂದು ಮಾವನವರ ಕೈ ಕುಲುಕಿದ. ಮಾವನವರು ವರನ ಕಡೆಯವರಿರಬೇಕೆಂದು ವಿನಯದಿಂದ ಕೇಳಿದರು: "ಯಾವೂರ್ರಿ ತಮ್ಮದು?" ಕರಡಿಯೊಳಗಿಂದ ಉತ್ತರ ಬಂತು: "ಸಿರವಾರ್ರಿ. ಭಾಳ ಶೆಕಿ ಅದ್ರಿ ಒಳಗ." ಮಾವನವರು ತಮ್ಮ ಹೆಗಲ ವಲ್ಲಿಯಿಂದ ಕರಡಿಗೆ ಗಾಳಿ ಹಾಕಿದರು.

ಆಕಾಶಕ್ಕೆ ಏರುವ ತೊಟ್ಟಿಲ ಚಕ್ರ ಕಂಡು ಅಜ್ಜಿ, "ಮದುವಿಗೆ ಮುಂಚೆನ ತೊಟ್ಲ ಇಟ್ಟಾರ, ಭಾಳ ಮುಂದಿನ ವಿಚಾರ ಮಾಡ್ಯಾರ" ಎಂದಳು. ನಾವೆಲ್ಲ ಬೇಡವೆಂದರೂ ಹತ್ತಿ ಕೂತಳು. ಜೊತೆಗೆ ನಾನೇ ಹೋಗಬೇಕಾಯಿತು. ತುದಿಗೆ ಹೋದಾಗ ದೂರದಲ್ಲಿ ಕೃಷ್ಣಾ ನದಿ, ಈಚೆ ದಂಡೆಯಲ್ಲಿ ಶಕ್ತಿನಗರದ ಚಿಮಣಿಗಳು.

"ಅದ ಏನಪ್ಪಾ ನೀ ಕೆಲಸ ಮಾಡೋದು?"

"ಹೌದಬೇ ಆಯಿ" ಎಂದೆ, ಕಣ್ಣು ಮುಚ್ಚಿಕೊಂಡು.

"ಎಷ್ಟು ಸಣ್ಣದದ" ಎಂದು ಅಜ್ಜಿ ಮರುಕಪಟ್ಟಳು.

ಮಧ್ಯಾಹ್ನವಾಯಿತು. ಸುತ್ತಲೂ ಮಿರ್ಚಿ, ಪಾವಭಾಜಿ, ಬಿರಿಯಾನಿಯ ಘಮ. ನನ್ನ ಹೊಟ್ಟೆ ತಾಳ ಹಾಕುತ್ತಿತ್ತು. ಮಾವನವರು ಬಿಡಲಿಲ್ಲ. "ಅಕ್ಕಿಕಾಳು ಬೀಳೋತನ ಬಾಯಿಗೆ ಏನೂ ಹಾಕಬಾರದು. ನಾಕು ಗಂಟೇದ ಛಲೋ ಮುಹೂರ್ತ, ಅದು ಆಗಲಿ. ಆಯೇರಿ ಓದಿ, ಪಂಕ್ತ್ಯಾಗ ಕೂತು ಹೊಟ್ಟಿ ತುಂಬ ಉಣ್ಣೋಣು." ಎರಡು ವರ್ಷದಿಂದ ಪಂಕ್ತಿಯೂಟ ಕಾಣದ ಮನುಷ್ಯ ಆ ಮಾತು ಹೇಳುವಾಗ ಮೀಸೆ ಒರೆಸಿಕೊಂಡರು. ಮಂಜುಳಾ ನನ್ನ ಮುಖ ನೋಡಿದಳು. ಊಟದ ವಿಷಯ ನಾವಿಬ್ಬರೂ ಯೋಚಿಸಿರಲಿಲ್ಲ.

ನಾಲ್ಕಕ್ಕೆ ಅರಮನೆಯ ಮುಂದಿನ ವೇದಿಕೆಯಲ್ಲಿ ತುತ್ತೂರಿ ಮೊಳಗಿತು. ಇನ್ನೂರು ಜನ ಮೆಟ್ಟಿಲುಗಳ ಮೇಲೆ ಕೂತೆವು. ನೀಲಿ ನಿಲುವಂಗಿಯ ಯುವರಾಣಿ ಬಂದಳು. ರೆಕ್ಕೆಯ ಸರ್ಪದ ವೇಷದವನೊಬ್ಬ ಅವಳನ್ನು ಹೆದರಿಸಿದ. ಯುವರಾಜ ಮೂರು ಏಟಿಗೆ ಸರ್ಪವನ್ನು ಮಲಗಿಸಿದ. "ವರ ಛಲೋ ಅದಾನ" ಎಂದು ಅಜ್ಜಿ ತೀರ್ಪು ಕೊಟ್ಟಳು. "ಹುಡುಗಿ ಕಡೆ ಹಿರೇರು ಒಬ್ಬರೂ ಕಾಣವಲ್ರು" ಎಂದು ಅತ್ತೆ ಗೊಣಗಿದರು. ಹಾರ ಬದಲಾದವು. ಯಂತ್ರದಿಂದ ಬಣ್ಣದ ಕಾಗದದ ಚೂರುಗಳು ಹಾರಿದವು. ಮಾವನವರು ಜೇಬಿನಿಂದ ಅರಿಶಿನದ ಅಕ್ಕಿ ತೆಗೆದು ಎಲ್ಲರಿಗಿಂತ ಎತ್ತರಕ್ಕೆ ಎಸೆದರು. ಹತ್ತು ನಿಮಿಷದಲ್ಲಿ ಎಲ್ಲ ಮುಗಿದು, "ಪ್ರೇಕ್ಷಕರು ಎಡಬಾಗಿಲಿನಿಂದ ಹೊರಡಬೇಕು" ಎಂದು ಮೈಕು ಹೇಳಿತು.

"ನಿಲ್ಸ್ರಿ!" ಎಂದು ಮಾವನವರು ಎದ್ದರು. "ಆಯೇರಿ ಆಗಿಲ್ಲ!"

ನಾನು ಅವರ ಧೋತರದ ಚುಂಗು ಹಿಡಿಯುವಷ್ಟರಲ್ಲಿ ಅವರು ಕೊಡ ಹೊತ್ತು ವೇದಿಕೆ ಹತ್ತಿಯಾಗಿತ್ತು. ಟೈ ಕಟ್ಟಿದ ಮ್ಯಾನೇಜರ್ ಹುಸೇನಪೀರ ಅತ್ತಲಿಂದ ಓಡಿ ಬಂದರು. "ಯಜಮಾನ್ರ, ಕೆಳಗ ಇಳೀರಿ, ಮುಂದಿನ ಶೋ ಅದ" ಎನ್ನುತ್ತಿದ್ದಂತೆ ಮಾವನವರು, "ತಾವು ಹುಡುಗಿ ಕಡೆ ಹಿರೇರೇನ್ರಿ? ಸುಮ್ಮ ಕೂಡ್ರಿ, ಎಲ್ಲಾ ನಾ ನೋಡ್ಕೋತೀನಿ" ಎಂದು ಮೈಕು ತೆಗೆದುಕೊಂಡರು. ಎರಡು ವರ್ಷದ ನಂತರ ಆ ದನಿ ಬಿಚ್ಚಿಕೊಂಡಿತು.

"ಮಾನ್ವಿ ತಾಲ್ಲೂಕು ಬಾಗಲವಾಡದ ವೆಂಕಣ್ಣನವರಿಂದ... ವಧುವಿಗೆ ಇಳಕಲ್ ಸೀರಿ ಒಂದು! ವರನಿಗೆ ಧೋತರ ಒಂದು ಜೋಡು! ಮ್ಯಾಲೆ ತಾಮ್ರದ ಕೊಡ ಒಂದೂಊ!"

ಹೊರಗೆ ಹೊರಟಿದ್ದ ಇನ್ನೂರು ಜನ ನಿಂತರು. ನಮ್ಮ ಸೀಮೆಯ ಜನಕ್ಕೆ ಆ ರಾಗ ರಕ್ತದಲ್ಲಿದೆ. ಬೇರೆ ಊರಿನ ಆಯೇರಿ ಕೂಗುವಾಗ ತನ್ನ ಊರು ಸುಮ್ಮನಿದ್ದರೆ ತಡೆದುಕೊಳ್ಳುವುದು ಕಷ್ಟ. ಮೊದಲು ಮುಂದೆ ಬಂದವರು ದೇವದುರ್ಗದ ಚನ್ನಮಲ್ಲಮ್ಮ ಎಂಬ ದಪ್ಪ ಹೆಂಗಸು. "ಬಾಗಲವಾಡದವರು ಕೊಡಾ ಕೊಟ್ರ ದೇವದುರ್ಗದವರು ಕೈ ಬೀಸ್ಕೋಂತ ಹೋಗ್ತಾರೇನು?" ಎಂದು ಕೈಚೀಲದಿಂದ ಒಂದು ಕುಪ್ಪಸದ ಖಣ ತೆಗೆದು ಮೆಟ್ಟಿಲಿಳಿದರು. ಮಾವನವರು ಅದನ್ನೂ ಓದಿದರು. ಆಮೇಲೆ ತಡೆಯಲಾಗಲಿಲ್ಲ. ರಾಯಚೂರಿನ ಬಳೆ ಅಂಗಡಿಯವರಿಂದ ಡಜನ್ ಬಳೆ. ಯಾರೋ ಆಗಷ್ಟೇ ಕೊಂಡಿದ್ದ ಪ್ಲಾಸ್ಟಿಕ್ ಕತ್ತಿ. "ಶಕ್ತಿನಗರದ ಇಂಜಿನಿಯರ್ ಸಾಹೇಬ್ರಿಂದ ವರನಿಗೆ ಡಿಕ್ಕಿ ಕಾರಿನ ಟಿಕೇಟು ಒಂದು, ಇನ್ನೂ ಹರಿದಿಲ್ಲ!" ಪ್ರತಿಯೊಂದಕ್ಕೂ ಅದೇ ಗತ್ತು, ಅದೇ ಗೌರವ. ಜನ ಚಪ್ಪಾಳೆ ಹೊಡೆದರು. ಮ್ಯಾನೇಜರ್ ಕೂಡ ತಲೆ ಮೇಲಿನ ಕೈ ಇಳಿಸಿ ಮೊಬೈಲಿನಲ್ಲಿ ಚಿತ್ರ ಹಿಡಿಯತೊಡಗಿದರು. ನಾನು ನನ್ನ ಮಾವನನ್ನು ಅಷ್ಟು ಚೆಲುವನಾಗಿ ಯಾವತ್ತೂ ಕಂಡಿರಲಿಲ್ಲ.

ಅಲ್ಲಿಗೇ ನಿಲ್ಲಬಹುದಿತ್ತು. ಯುವರಾಜ ಪಾಪದ ಮನುಷ್ಯ. ತೋಳು ತುಂಬ ಬಿದ್ದ ಉಡುಗೊರೆ ಅವನಿಗೆ ಚುಚ್ಚಿತು. ಕಿರೀಟ ತೆಗೆದು ಮಾವನವರ ಕಿವಿಯ ಹತ್ತಿರ ಹೇಳಿದ. ಮೈಕು ಅಲ್ಲೇ ಇತ್ತು, ಇನ್ನೂರು ಜನಕ್ಕೂ ಕೇಳಿಸಿತು.

"ತಪ್ಪು ತಿಳಕೋಬ್ಯಾಡ್ರಿ ಯಜಮಾನ್ರ. ಇದು ಆಟಾ ರೀ. ನಾ ಯಾಪಲದಿನ್ನಿಯ ವಿನೋದ. ನಂದು ಲಗ್ನ ಆಗಿ ಎರಡು ಮಕ್ಕಳದಾವ. ಈಕಿ ರಾಯಚೂರಿನ ಗುಲ್ಫಶಾ. ದಿನಾ ನಾಕು ಸಲ ಹಿಂಗ ಮಾಡ್ತೀವ್ರಿ. ಐತಾರ ಆರು."

ಮಾವನವರು ಮೈಕನ್ನು ನೋಡಿದರು. ಕೈಯ ಹಳದಿ ಪಟ್ಟಿಯನ್ನು ನೋಡಿದರು. ಆಮೇಲೆ ಕೆಳಗೆ ನಮ್ಮನ್ನು ನೋಡಿದರು. ಹಿಂದೆ ಎಲ್ಲೋ ಯಾರೋ ನಕ್ಕರು. ನೆಲ ಬಾಯಿಬಿಟ್ಟರೆ ಸಾಕೆನಿಸಿತು ನನಗೆ. ಗೊತ್ತಿದ್ದೂ ಕರೆತಂದವನು ನಾನಲ್ಲವೇ.

ಗುಲ್ಫಶಾ ಸೀರೆ ತಿರುಗಿ ಕೊಡಲು ಕೈಚಾಚಿದಳು. "ತಗೋರಿ ಕಾಕಾ. ನಂಗ ಸಲ್ಲಂಗಿಲ್ಲ ಇದು."

ಮಾವನವರು ತಲೆಯಾಡಿಸಿದರು. ದನಿ ಇಳಿದಿತ್ತು. "ಓದಿದ ಆಯೇರಿ ತಿರುಗಿ ಒಯ್ಯೋ ಪದ್ಧತಿ ಇಲ್ಲವಾ. ಇಟ್ಕೋ. ಆಟದ ಲಗ್ನ ಆದ್ರೇನಾತು, ಖರೇ ಲಗ್ನ ಒಂದಿನ ಆಗಂಗಿಲ್ಲೇನು?"

"ಒಂದೂವರಿ ವರ್ಷದಿಂದ ಲಗ್ನ ಆಗಾಕತ್ತೀನಿ ಕಾಕಾ" ಎಂದಳು ಆಕೆ. ನಗುತ್ತಲೇ ಹೇಳಿದಳು, ಕಣ್ಣು ಒದ್ದೆಯಾಗಿತ್ತು. "ಹಾರ ಸುದ್ದಾ ಪ್ಲಾಸ್ಟಿಕ್ಕು. ಮನಿಗೆ ಒಯ್ಯಾಕ ಏನರ ಸಿಕ್ಕಿದ್ದು ಇವತ್ತ. ಯಾವೂರು ಅಂದ್ರಿ ನಿಮ್ಮದು?"

"ಬಾಗಲವಾಡ" ಎಂದು ಮಾವನವರು ಇಳಿದು ಬಂದರು.

ವಾಪಸು ಬರುವಾಗ ಕಾವಲಿನವನು ತಿರುಗಿ ಕೊಟ್ಟ ಬುತ್ತಿ ಗಾಡಿಯಲ್ಲಿತ್ತು, ಯಾರೂ ಬಿಚ್ಚಲಿಲ್ಲ. ಮಾವನವರು ಪಟಗ ತೆಗೆದು ಮಡಿಲಲ್ಲಿಟ್ಟುಕೊಂಡಿದ್ದರು. ಪಂಕ್ತಿಯ ಆಸೆಯಲ್ಲಿ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. "ತೊಟ್ಲ ಮಾತ್ರ ಭಾಳ ಛಲೋ ಇತ್ತು" ಎಂದು ಅಜ್ಜಿ ಮೂರು ಸಲ ಹೇಳಿದಳು.

ನಾವು ಊರು ಮುಟ್ಟುವ ಮೊದಲೇ ಮೊಬೈಲುಗಳಲ್ಲಿ ಆ ಚಿತ್ರ ಊರು ಮುಟ್ಟಿತ್ತು. ಪಂಪಾಪತಿಗೆ ಹಬ್ಬ. ಮಾವನವರು ಹೊಲಕ್ಕೆ ಹೊರಟರೆ ಸಾಕು, "ಇವತ್ತ ಐತಾರ ರೀ ವೆಂಕಣ್ಣೋರ, ಆರು ಲಗ್ನ ಅದಾವ, ಹೋಗಂಗಿಲ್ಲೇನು?" ಎಂದು ಕೂಗುವನು. ಮಾವನವರು ಹೊಲಕ್ಕೆ ಹಿಂದಿನ ಓಣಿಯಿಂದ ಹೋಗತೊಡಗಿದರು. ಅತ್ತೆ ಫೋನಿನಲ್ಲಿ ಹೇಳಿದರು: "ನಿಮ್ಮ ಮಾವಾರು ಪಟಗ ಮತ್ತ ಗೂಟಕ್ಕ ಹಾಕ್ಯಾರ." ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎಂದು ಹಿರಿಯರು ಹೇಳಿದ್ದಾರೆ.

ಮಾವನವರ ಮಾನ ಆಟೋದಲ್ಲಿ ಬಂತು.

ತಿಂಗಳ ನಂತರ ಒಂದು ಭಾನುವಾರ ನಾನೂ ಮಂಜುಳಾ ಬಾಗಲವಾಡದಲ್ಲಿದ್ದೆವು. ಮಾನ್ವಿಯ ಕಡೆಯಿಂದ ಬಂದ ಆಟೋ ಪಂಪಾಪತಿಯ ಹೋಟೆಲಿನ ಮುಂದೆ ನಿಂತು, "ಆಯೇರಿ ಓದೋ ವೆಂಕಣ್ಣ ಕಾಕಾರ ಮನಿ ಎಲ್ರಿ?" ಎಂದು ಕೇಳಿತಂತೆ. ಕುತೂಹಲ ತಡೆಯದ ಪಂಪಾಪತಿ ಒಲೆ ಆರಿಸಿ, ತಾನೇ ಮುಂದೆ ಕೂತು ದಾರಿ ತೋರಿಸುತ್ತಾ ಬಂದ. ಆಟೋದಿಂದ ಇಳಿದವಳು ಗುಲ್ಫಶಾ. ಜೊತೆಗೆ ಅವಳ ತಾಯಿ ಕುಬ್ರಾ ಬೇಗಂ.

"ನೀವೇನ್ರಿ ಭಾಯಿಸಾಬ್?" ಎಂದು ಆ ತಾಯಿ ಕಟ್ಟೆಯ ಮೇಲೆ ಕೂತರು. "ಅವತ್ತ ಈಕಿ ಇಳಕಲ್ ಸೀರಿ ಹಿಡ್ಕೊಂಡು ಮನಿಗೆ ಬಂದ್ಲು. ಯಾರು ಕೊಟ್ರಬೇ ಅಂದ್ರ, ನನ್ನ ಲಗ್ನದಾಗ ಬಂದಿತ್ತು ಅಂದ್ಲು. ನನ್ನ ಜೀವ ಹಾರಿ ಹೋತು ನೋಡ್ರಿ! ಯಾವಾಗ ಆದಿ, ಯಾರನ್ನ ಆದಿ ಅಂತ!"

ಮಾವನವರ ಮುಖದಲ್ಲಿ ತಿಂಗಳ ನಂತರ ನಗುವಿನ ಎಳೆ ಕಂಡಿತು.

ಗುಲ್ಫಶಾ ಹಸಿರು ಬಣ್ಣದ ಕಾರ್ಡೊಂದನ್ನು ಎರಡೂ ಕೈಯಲ್ಲಿ ಹಿಡಿದು ಚಾಚಿದಳು. "ಈಗ ಖರೇನ ಆಗಾಕತ್ತೀನಿ ಕಾಕಾ. ಮೊದಲ ಕಾರ್ಡು ನಿಮಗ. ನೀವು ಬಂದು ಮೈಕಿನ್ಯಾಗ ಓದಬೇಕು. ಅವತ್ತ ಓದಿದಂಗ."

ಒಮ್ಮೆ ಸುಟ್ಟುಕೊಂಡವರು. ಮಾವನವರು ಅತ್ತೆಯ ಕನ್ನಡಕ ತರಿಸಿ ಹಾಕಿಕೊಂಡರು. ಕಾರ್ಡಿನ ಒಂದೊಂದು ಸಾಲಿನ ಮೇಲೂ ಬೆರಳಿಟ್ಟರು. ತಾರೀಖು ಇತ್ತು. ಹೊತ್ತು ಒಂದೇ ಇತ್ತು. ಹುಡುಗನ ತಂದೆ-ತಾಯಿಯ ಹೆಸರು ಇತ್ತು. ಹಿಂದೆ ತಿರುಗಿಸಿ ನೋಡಿದರು. ನೀರಿನ ಆಟದ ಸುದ್ದಿ ಇರಲಿಲ್ಲ. ಕೊನೆಯ ಸಾಲಿಗೆ ಬಂದು ಬೆರಳು ನಿಂತಿತು. ಮಧ್ಯಾಹ್ನದ ಊಟದ ಹೊತ್ತನ್ನು ಬರೆದಿದ್ದರು.

"ಖರೇ ಲಗ್ನ" ಎಂದು ಅವರು ತೀರ್ಪು ಕೊಟ್ಟರು.

ಬಾಗಿಲಿಗೆ ಒರಗಿ ನಿಂತಿದ್ದ ಪಂಪಾಪತಿ ಹಲ್ಲು ಕಿರಿದ. "ಮನಿ ತೋರಿಸಿದಾಂವ ನಾ. ನನಗೊಂದು ಕಾರ್ಡು ಇಲ್ಲೇನವಾ?"

"ನಿಮ್ಮ ನಂಬರ್ ಕೊಡ್ರಿ ಅಣ್ಣಾ" ಎಂದಳು ಗುಲ್ಫಶಾ. "ಮೊಬೈಲಿಗೆ ಹಾಕ್ತೀನಿ."

ಮಾವನವರು ಎದ್ದು ಗೂಟದಿಂದ ಪಟಗ ತೆಗೆದು ಧೂಳು ಝಾಡಿಸಿದರು. ಅತ್ತೆ ಒಳಗಿನಿಂದ ಪಿಸುಗುಟ್ಟಿದರು, "ಆಯೇರಿಗೆ ಇನ್ನೊಂದು ಸೀರಿ ತರಬೇಕಲ್ರಿ?"

"ಯಾಕ? ಆಯೇರಿ ಆಗ್ಯದ. ಮೈಕಿನ್ಯಾಗ ಓದೀನಿ, ಇನ್ನೂರು ಮಂದಿ ಕೇಳ್ಯಾರ" ಎಂದು ಮಾವನವರು ಪಂಪಾಪತಿಗೂ ಕೇಳಿಸುವಂತೆ ಹೇಳಿದರು. "ಈಗ ಊಟ ಅಷ್ಟ ಬಾಕಿ ಅದ."